ಬಾಗಿಲಡಿಯ ಟಿಕೇಟು

ಪಂಚಾಯ್ತಿಯವರು ಬಂದು ಕೇರಿಯ ಬಾಯಿಗೆ
ಎರಡು ಬಿದಿರು ಅಡ್ಡ ಕಟ್ಟಿ ಹೋದರು.
ನಮ್ಮ ಬಾಗಿಲಿಗೆ ಕೆಂಪು ಚೀಟಿ.
ಅಂಟು ಸರಿಯಾಗಿ ಹಿಡಿಯದೆ ಒಂದು ಮೂಲೆ
ಇರುಳೆಲ್ಲ ಪಟಪಟ ಅನ್ನುತ್ತಿತ್ತು.
ನಾನೇ ಎದ್ದು ಅನ್ನದಗುಳು ಹಚ್ಚಿ ಒತ್ತಿ ಬಂದೆ.

ಮಳೆ ಬಿಟ್ಟು ಎಂಟು ದಿನ.
ಭತ್ತ ಹಾಲು ತುಂಬಿಕೊಳ್ಳುವ ಹೊತ್ತು.
ಹಿತ್ತಿಲಿಂದ ಕತ್ತು ಚಾಚಿದರೆ ಅರ್ಧ ಗದ್ದೆ ಕಾಣುತ್ತದೆ,
ಉಳಿದರ್ಧವನ್ನು ಗುತ್ಯಮ್ಮ ಬಿದಿರಿನಾಚೆ ನಿಂತು
ಕೂಗಿ ಹೇಳುತ್ತಿದ್ದಳು: ಹಂದಿ ಬಂದಿಲ್ಲ, ನೀರು ಸಾಕು,
ನಿಮ್ಮೆಮ್ಮೆ ಮಾತ್ರ ನನ್ನ ಕೈಗೆ ಸೊರೆ ಬಿಡ್ತಿಲ್ಲ.

ಇವರು ಜ್ವರ ಹೊದ್ದು ಜಗಲಿ ಕೋಣೆಯೊಳಗೆ.
ಹನ್ನೆರಡು ವರ್ಷದಿಂದ ಬಸ್ಸಿನ ಕಂಡಕ್ಟರು.
ಮದುವೆಯಾದಾಗಿನಿಂದ ನನಗೆ ಸಿಕ್ಕಿದ್ದು
ರಾತ್ರಿ ಒಂಬತ್ತೂವರೆಯಿಂದ ಬೆಳಗಿನ ಐದರವರೆಗಿನ ಗಂಡ,
ಅದರಲ್ಲೂ ನಿದ್ದೆಯ ಗಂಡ.
ಈಗ ಹಗಲಿನ ಗಂಡ, ಅದೂ ಬಾಗಿಲಾಚೆ.
ತಟ್ಟೆ ಹೊಸ್ತಿಲಲ್ಲಿಟ್ಟು ಮೂರು ಹೆಜ್ಜೆ ಹಿಂದೆ ಸರಿಯುತ್ತಿದ್ದೆ,
ಕೆಮ್ಮಿನ ಸದ್ದಿನಲ್ಲೇ ಉಪ್ಪು ಹೆಚ್ಚೋ ಕಡಿಮೆಯೋ ತಿಳಿಯುತ್ತಿತ್ತು.
ಇಲ್ಲ, ಸುಳ್ಳು. ತಿಳಿಯುತ್ತಿರಲಿಲ್ಲ.
ನಾಲಿಗೆಯ ರುಚಿಯೇ ಹೋಗಿತ್ತಂತೆ. ನನಗೆ ಹೇಳಿರಲಿಲ್ಲ.

ಒಂದು ಫೋನು, ಎರಡು ಮಕ್ಕಳು,
ಸಿಗ್ನಲ್ಲು ಹಳೇ ಹುಲ್ಲುಬಣವೆಯ ತುದಿಯಲ್ಲಿ ಮಾತ್ರ.
ಸಿಂಚನಾ ಬಣವೆ ಹತ್ತಿ ಭಿನ್ನರಾಶಿ ಕಲಿತಳು,
ಚರಣ ಕೆಳಗೆ ನಿಂತು ಅವಳ ಕಾಲು ಜಗ್ಗಿದ.
ಆರನೇ ದಿನ ಜಗಳ ಹಂಚು ಹಾರಿಸುವಾಗ
ಕೋಣೆಯೊಳಗಿಂದ ಸೀಟಿ ಕೇಳಿತು.
ಆಯ್ನೂರ್ ಕುಂಸಿ ಆನಂದಪುರ ಸಾಗ್ರ ಸಾಗ್ರ ಸಾಗ್ರ!
ಜ್ವರ ಬಿಟ್ಟ ದನಿ, ಅಂಚು ಇನ್ನೂ ಹರಿದಿತ್ತು.
ಮಕ್ಕಳು ಮಣೆಗಳನ್ನು ಸಾಲಾಗಿ ಹಾಕಿದರು,
ಜರಡಿ ಹಿಡಿದು ಚರಣ ಡ್ರೈವರಾದ,
ಬಾಗಿಲಡಿಯಿಂದ ಒಂದೊಂದೇ ಟಿಕೇಟು ಜಾರಿ ಬಂತು,
ಕ್ಯಾಲೆಂಡರಿನ ಹಾಳೆ ಹರಿದದ್ದು.
ಮುಟ್ಟಬೇಡಿ ಅಂದೆ. ಮುಟ್ಟಿದರು. ಸೋಪು ಹಚ್ಚಿ ಕೈ ತೊಳೆಸಿದೆ.
ಆಮೇಲೆ ದಿನಾ ಸಂಜೆ ನಾಲ್ಕಕ್ಕೆ ಬಸ್ಸು.
ಕುಂಸಿಯಲ್ಲಿ ಚಾಕ್ಕೆ ಐದು ನಿಮಿಷ.
ನಾನೇ ಕುಂಸಿ.

ಅತ್ತೆ ಮಾತ್ರ ಹತ್ತಲಿಲ್ಲ.
ಬೆರಳು ಮಡಚಿ ಹುಣ್ಣಿಮೆ ಎಣಿಸುತ್ತ
ಭೂಮಣ್ಣಿ ಬುಟ್ಟಿಗೆ ಕೆಮ್ಮಣ್ಣು ಬಳಿದರು,
ಪುಂಡಿನಾರು ಕಚ್ಚಿ ಕಚ್ಚಿ ಕುಂಚ ಮಾಡಿ
ಅಕ್ಕಿಹಿಟ್ಟಿನಲ್ಲಿ ಎಳೆ ಬರೆದರು.
ಬಸುರಿ ಗದ್ದೆಗೆ ಬಯಕೆಯೂಟ
ನಸುಕಿಗೆ ಮೊದಲೇ ಮುಟ್ಟಬೇಕು.
ಹುಣ್ಣಿಮೆ ಹದಿನಾಲ್ಕನೇ ದಿನ,
ಬಿದಿರು ಬಿಚ್ಚುವುದು ಅದೇ ದಿನ ಹತ್ತು ಗಂಟೆಗೆ.
ಸೀರೆ ಎತ್ತಿ ಕಟ್ಟಿ ಬಣವೆ ಹತ್ತಿ
ಪಿಡಿಒಗೆ ಫೋನು ಹಚ್ಚಿದೆ.
ಹತ್ತಕ್ಕೆ ಉಣಿಸಿದರೆ ಭೂಮಿ ಬೇಡ ಅನ್ನುತ್ತದೇನಮ್ಮ, ಅಂದರು.
ಕೆಳಗಿಳಿದು ಹೇಳಿದೆ.
ಅತ್ತೆ ಕುಂಚ ಕೆಳಗಿಡಲಿಲ್ಲ:
ಬಸುರಿ ಹಸಿವು ಗಡಿಯಾರ ನೋಡ್ತದಾ?

ಇರುಳಿಡೀ ಬೇಯಿಸಿದೆವು,
ಕೊಟ್ಟೆ ಕಡುಬು, ಮೊಗೆಕಾಯಿ ಕಡುಬು, ಸಿಕ್ಕಷ್ಟು ಸೊಪ್ಪಿನ ಹಚ್ಚಂಬಲಿ.
ಕೋಳಿ ಕೂಗುವ ಮುಂಚೆ ಅತ್ತೆ ಬುಟ್ಟಿ ಹೊತ್ತು
ಕೋಣೆಯ ಬಾಗಿಲು ತಟ್ಟಿದರು.
ಗದ್ದೆಗೊಂದು ಟಿಕೇಟು ಕೊಡಾ, ಲೋಕಾ.
ಒಳಗೆ ಬಹಳ ಹೊತ್ತು ಸದ್ದಿಲ್ಲ.
ಆಮೇಲೆ ಕಾಗದ ಹರಿದ ಸದ್ದು.

ಬಸ್ಸು ಹಿತ್ತಿಲವರೆಗೆ ಹೋಯಿತು.
ಬಚ್ಚಲ ನೀರು ಹರಿಯುವಲ್ಲಿ
ಬೀಜದ ಭತ್ತ ಕೇರುವಾಗ ಚೆಲ್ಲಿದ್ದು
ಯಾರಿಗೂ ಕಾಣದೆ ಒಂದು ಬುಡವಾಗಿತ್ತು. ಐದು ತೆನೆ.
ಕಳೆಯೆಂದು ಎರಡು ಸಲ ಕೀಳಲು ಹೋಗಿ
ಏನೋ ಕೆಲಸ ಬಂದು ಬಿಟ್ಟಿದ್ದೆ.
ಅತ್ತೆ ನನ್ನ ತಾಳಿ ತೆಗೆಸಿ ಅದಕ್ಕೆ ತೊಡಿಸಿದರು.
ಒಂದೂವರೆ ಎಕರೆಗೆ ಮಾಡಿದ ಅಡುಗೆ
ಒಂದು ಬುಡದ ಮುಂದೆ.
ಮಿಕ್ಕದ್ದನ್ನು ಬೇಲಿಯಾಚೆ ಎರಚಿದರು
ಮುದಿ ರಟ್ಟೆ ಎಷ್ಟು ದೂರ ಬೀಸೀತೋ ಅಷ್ಟು ದೂರ.
ಅಡ್ಡ ಬಿದಿರಿಗೂ ನಾಲ್ಕಗುಳು ಬಿತ್ತು.

ಹತ್ತಕ್ಕೆ ಅಂದವರು ಹನ್ನೆರಡಕ್ಕೆ ಬಂದರು.

ಈಗ ಮತ್ತೆ ಒಂಬತ್ತೂವರೆಯ ಗಂಡ.
ಟಿಕೇಟು ಅತ್ತೆಯ ಎಲೆಯಡಿಕೆ ಚೀಲದಲ್ಲಿದೆ,
ಸುಣ್ಣ ತಾಗಿ ಅರ್ಧ ಅಳಿಸಿದೆ:
ಜಗಲಿಯಿಂದ ಗದ್ದೆ. ಆಳು ಒಂದು. ಬುಟ್ಟಿಗೆ ಲಗೇಜಿಲ್ಲ.
ಹಿಂಬದಿಗೆ, ಅಭ್ಯಾಸಬಲ,
ಪೆನ್ನಿನಲ್ಲಿ ಗೀಚಿದ್ದಾರೆ: ಚಿಲ್ಲರೆ ಬಾಕಿ ಮೂರು ರೂಪಾಯಿ.
ಅತ್ತೆ ಇನ್ನೂ ಕೇಳುತ್ತಾರೆ.