ವೋಚರ್

ಕ್ರಮಸಂಖ್ಯೆ ಏಳು. ರುಹೀನಾ ತಾಜ್, ಅಂತಿಮ ಬಿ.ಕಾಂ.
ಖೋಖೋ, ಅಂತರಕಾಲೇಜು, ಚಿಂತಾಮಣಿ.
ದಿನಭತ್ಯೆ ನೂರೈವತ್ತು, ಮೂರು ದಿನಕ್ಕೆ ನಾನೂರೈವತ್ತು.
ಇಷ್ಟಕ್ಕೆ ರೆವಿನ್ಯೂ ಸ್ಟಾಂಪು ಬೇಕಿಲ್ಲ,
ಆದರೂ ಆಡಿಟಿನವರು ಕೇಳುತ್ತಾರೆ.
ನಾಲಿಗೆಗೆ ತಾಗಿಸಿ ಅಂಟಿಸುತ್ತೇನೆ,
ಇಪ್ಪತ್ತೆರಡು ವರ್ಷದಿಂದ ಅದೇ ರುಚಿ.

ಸೈನು ಹಾಕುವ ಮುಂಚೆ ಕೇಳಿದಳು:
"ಸಾರ್, ಗೇಟಿನ ಫ್ಲೆಕ್ಸಲ್ಲಿ
ಕಂಬ ಹಿಡಿದು ಹಾರಿರೋದು ನಾನೇ ಅಲ್ವಾ?"
ನೀನೇ.
"ಮೇಲೆ 'ಪ್ರವೇಶಾತಿ ಆರಂಭ' ಅಂತಿದೆ."
ಹೌದು.
"ಈ ವರ್ಷ ಎಷ್ಟು ಜನ ಸೇರಿದ್ರು ಸಾರ್?"

ಶಿಡ್ಲಘಟ್ಟದ ಹುಡುಗಿಗೆ ಲೆಕ್ಕ ಹೇಳಿಕೊಡಬೇಕಿಲ್ಲ.
ಬೆಳಗಿನ ಐದಕ್ಕೇ ಅಮ್ಮೀ ಪಕ್ಕ ಬಿಚ್ಚಾಣಿಕೆಗೆ ನಿಂತು
ಕುದಿನೀರೊಳಗೆ ಗೂಡಿನ ಎಳೆ ಹುಡುಕುವ ಬೆರಳು,
ಸಂಜೆ ಮೈದಾನದಲ್ಲಿ ಮಣ್ಣಿಗೆ ಬಿದ್ದು
ಓಡುವವಳ ಹಿಮ್ಮಡಿ ಹುಡುಕುತ್ತದೆ.
ಮೂರು ದಿನ ಪಂದ್ಯವೆಂದರೆ ಮೂರು ದಿನದ ಕೂಲಿ ಖೋತಾ.
ಸಾವಿರದ ಇನ್ನೂರು. ಅವಳು ಹೇಳಲಿಲ್ಲ,
ನನಗೆ ಗೊತ್ತು.

ಹೇಳಬೇಕಾದ್ದು ಹೇಳಿದೆ:
ಆಟ ಶಿಸ್ತು ಕಲಿಸುತ್ತಮ್ಮ, ಸೋಲು ತಡಕೊಳ್ಳೋದು ಕಲಿಸುತ್ತೆ,
ದುಡ್ಡು ಬಂತು ಅಂದ್ರೆ ಆಟ ಹೋಗಿ ಕೂಲಿ ಆಗುತ್ತೆ.
"ಕೂಲಿ ಕೆಟ್ಟದ್ದಾ ಸಾರ್?"

ಅವಳ ಹಿಂದೆ ಗಾಜಿನ ಬೀರು.
ಕಪ್ಪಾಗಿ ಹೋದ ಕಪ್ಪುಗಳು.
ಒಂದರ ಮೇಲೂ ಆಡಿದವರ ಹೆಸರಿಲ್ಲ,
ಎಲ್ಲದರ ಮೇಲೂ ಕಾಲೇಜಿನ ಹೆಸರು.

ಮೊದಲ ವರ್ಷ ಇದೇ ಹುಡುಗಿ
ಖೋ ಅನ್ನಲೂ ಹೆದರುತ್ತಿದ್ದಳು.
ಕೇಳಿಸಲಿಲ್ಲವೆಂದು ಅಂಪೈರು
ಒಂದೇ ಪಂದ್ಯದಲ್ಲಿ ಮೂರು ಸಲ ಫೌಲು ಊದಿದ್ದ.
ಗಂಟಲು ಬಿಡೇ, ಗಂಟಲು ಬಿಡು
ಎಂದು ತಿಂಗಳುಗಟ್ಟಲೆ ಕಿರುಚಿದವನು ನಾನು.
ಬಿಟ್ಟಳು ನೋಡಿ,
ಸರಿಯಾಗಿ ನನ್ನ ಬೆನ್ನ ಹಿಂದೆ.
ಬೆನ್ನಿಗೆ ಕೈ ತಾಗಿದ ಮೇಲೆ ಕೂತಿರಬಾರದು,
ಅದು ನಾನೇ ಕಲಿಸಿದ ನಿಯಮ.

ನಾನೂರೈವತ್ತು ಎಣಿಸಿ ಕೊಟ್ಟೆ.
ಅವಳು ಇನ್ನೊಮ್ಮೆ ಎಣಿಸಿದಳು.
ಪೂರ್ತಿ ಹೆಸರು ಬರೆದಳು, ಕನ್ನಡದಲ್ಲಿ, ನಿಧಾನಕ್ಕೆ;
ಸ್ಟಾಂಪು ಸಾಲದೆ
ತಾಜ್ ಅನ್ನೋದು ಕಾಲೇಜಿನ ಸೀಲಿನ ಮೇಲೇ ಹತ್ತಿ ಕೂತಿತು.

ಕ್ರಮಸಂಖ್ಯೆ ಎಂಟನ್ನು ಹೊರಗೆ ನಿಲ್ಲಿಸಿದ್ದೇನೆ.
ಪ್ರಿನ್ಸಿಪಾಲರಿಗೆ ಒಂದು ಪತ್ರ ಬರೆಯೋದಿದೆ.
ಹಾಳೆ ತೆಗೆದು
ತಾರೀಖು ಹಾಕಿ
'ಮಾನ್ಯರೇ' ಅಂತ ಬರೆದು
ಕೂತಿದ್ದೇನೆ.