ಒಂದು ಕೈ ಚಾಕು

ಗಾಂಧಿನಗರದ ಮೆಟ್ಟಿಲ ಕೆಳಗಿನ ಅಂಗಡಿಯಲ್ಲಿ
ಸಿರಾಜಣ್ಣ ಅದನ್ನು ಬೆಲ್ಟುಗಳ ಹಿಂದಿನಿಂದ ತೆಗೆದ.
ಕರಿ ಹಿಡಿ, ಹಿತ್ತಾಳೆ ಗುಂಡಿ, ಬೆರಳುದ್ದದ ಅಲಗು.
"ನಿಂದು ಕಂಬ ಹತ್ತೋ ಕೆಲಸ," ಅಂದ,
"ಒಂದು ಕೈ ಕಂಬಕ್ಕೆ ಬೇಕು, ಒಂದು ಕೈ ಹೊಟ್ಟೆಪಾಡಿಗೆ.
ಇದು ಒಂದೇ ಕೈಲಿ ತೆರ್ಕೊಳ್ಳತ್ತೆ."
ಒತ್ತಿ ತೋರಿಸಿದ.
ಟಕ್.
ಪಕ್ಕದಲ್ಲಿ ಬೆಲ್ಟು ನೋಡುತ್ತಿದ್ದ ಗಿರಾಕಿ
ಬೆಲ್ಟು ಕೆಳಗಿಟ್ಟು ಹೋದ.

ಅವತ್ತೇ ಅರ್ಥವಾಗಬೇಕಿತ್ತು.

ನಾನು ಶಾಮಿಯಾನದವನು, ಮಾಗಡಿ ರೋಡಿನವನು.
ಮದುವೆ, ನಾಮಕರಣ, ತಿಥಿ,
ಪಾರ್ಟಿ ಮೀಟಿಂಗು, ರಕ್ತದಾನ, ಎಲ್ಲಕ್ಕೂ ಬಟ್ಟೆ ಅದೇ;
ಸಾವಿನ ಮನೆಗಾದರೆ ಜಾಲರಿ ಒಳಗೆ ಮಡಚುತ್ತೇವೆ.
ಕಟ್ಟುವುದು ಅರ್ಧ ಕೆಲಸ,
ರಾತ್ರಿ ಎರಡಕ್ಕೆ ಬಿಚ್ಚುವುದು ಉಳಿದರ್ಧ.
ಬಿದಿರ ತುದಿಯಲ್ಲಿ ಕಾಲು ಹೆಣೆದು
ಎಡಗೈಯಲ್ಲಿ ಗಳ ತಬ್ಬಿಕೊಂಡು
ಮಡಚುವ ಚಾಕುವನ್ನು ಹಲ್ಲಿನಿಂದ ಬಿಚ್ಚಿದವನು ನಾನು.
ತುಟಿಯ ಮೇಲೆ ಮೀಸೆ ಬಾರದ ಈ ಗೆರೆ
ಅದರದೇ ಸಹಿ.
ಗುಂಡಿ ನನಗೆ ವರವಾಗಿ ಕಂಡಿತು.

ಟಕ್, ಹುರಿ ಬಿತ್ತು. ಟಕ್, ಇನ್ನೊಂದು.
ಹುಡುಗರು ಕೆಳಗಿನಿಂದ ಸಿಳ್ಳೆ ಹೊಡೆದರು.
ಕೆಲಸವಿಲ್ಲದ ಹೊತ್ತಲ್ಲೂ ಒತ್ತುತ್ತಿದ್ದೆ,
ಬೆರಳಿಗೆ ಅದೊಂದು ಚಟ.

ಪಳನಿ ತಾತ ಮಾತ್ರ ನಗಲಿಲ್ಲ.
ನಲವತ್ತು ವರ್ಷ ಚಾಕು ಇಟ್ಟವನಲ್ಲ;
ಬಾಲ ಹಿಡಿದೆಳೆದರೆ ತಾನೇ ಕಳಚಿಕೊಳ್ಳುವ
ಜೀರುಗುಣಿಕೆ ಹಾಕುತ್ತಿದ್ದ.
"ಹಗ್ಗ ಎಲ್ಲಿಗೂ ಓಡಿಹೋಗಲ್ಲ ಮಗ,
ಅಷ್ಟು ಅವಸರದ ಚಾಕು
ಯಾರಿಗೋಸ್ಕರ?"

ಸೆಣಬಿನ ನಾರು, ಬೀಡಿಪುಡಿ, ಜೇಬಿನ ಧೂಳು ಸೇರಿ
ಲಾಕು ಸಡಿಲವಾದದ್ದು ಗೊತ್ತಾಗಲೇ ಇಲ್ಲ.
ಓಕಳಿಪುರದ ಗುಂಡಿಗೆ ಬಸ್ಸು ಇಳಿದೆದ್ದಾಗ
ನನ್ನ ಗುಂಡಿಯನ್ನು ನಾನು ಒತ್ತಲಿಲ್ಲ,
ಪಕ್ಕದ ಹೆಂಗಸಿನ ಟಿಫಿನ್ ಡಬ್ಬಿ ಒತ್ತಿತು.
ಬಿಸಿಯಾಗಿ ಏನೋ ಮೊಣಕಾಲಿಗಿಳಿಯಿತು.
"ಅಯ್ಯೋ ಅಣ್ಣ, ಸಾರು ಚೆಲ್ತಾ?" ಅಂದಳು.
ಹೂಂ ಅಂದೆ. ಮುಂದಿನ ಸ್ಟಾಪಿನಲ್ಲಿ ಇಳಿದೆ.
ತೊಡೆಗೆ ಆರು ಹೊಲಿಗೆ.
ಡಾಕ್ಟರಮ್ಮ ಕೇಳಿದರು, "ಯಾರು ಹಾಕಿದ್ದು?"
"ನಾನೇ" ಅಂದರೆ ಬರೆದುಕೊಳ್ಳಲಿಲ್ಲ.

ಇನ್ನೊಂದು ರಾತ್ರಿ, ಬಿನ್ನಿಮಿಲ್ಲಿನ ಹತ್ತಿರ
ಗಾಡಿ ತಡೆದರು ಪೇದೆಗಳಿಬ್ಬರು.
"ಏನೋ ಇದು?"
"ಹಗ್ಗ ಕೊಯ್ಯೋದಕ್ಕೆ, ಸಾರ್."
"ಹೆಂಗೆ?" ಅಂದರು. ತೋರಿಸಿದೆ. ದಡ್ಡ ನಾನು.
ಆ ಸದ್ದಿಗೆ ಇಬ್ಬರೂ ಹಿಂದಕ್ಕೆ ಹಾರಿದರು,
ಆಮೇಲೆ ಇಬ್ಬರೂ ಮುಂದಕ್ಕೆ ಬಂದರು.
ಓನರು ಬಿಲ್ ಬುಕ್ಕು ತರುವ ತನಕ
ಸ್ಟೇಷನ್ನಿನ ಬೆಂಚಿನಲ್ಲಿ ಕೂತು
ಮೇಜಿನ ಮೇಲಿದ್ದ ಅದನ್ನೇ ನೋಡಿದೆ.
ಅಲಗಿನ ಬುಡದಲ್ಲಿ ಹುರಿಯ ಒಂದೆಳೆ
ಇನ್ನೂ ಅಂಟಿಕೊಂಡಿತ್ತು, ನನ್ನ ಪರ ಸಾಕ್ಷಿಗೆ;
ಸದ್ದು ಕೇಳಿದ ಮೇಲೆ ಎಳೆಯ ಮಾತು ಯಾರು ಕೇಳುತ್ತಾರೆ?

ಎಸೆದುಬಿಡುತ್ತಿದ್ದೆ.
ಆದರೆ ಏಪ್ರಿಲ್ಲಿನಲ್ಲಿ, ನಾಗರಭಾವಿಯ ಖಾಲಿ ಸೈಟಿನಲ್ಲಿ
ಸಂಜೆ ಮಳೆಗಾಳಿ ಎದ್ದು
ಶಾಮಿಯಾನ ಹೊಟ್ಟೆ ಉಬ್ಬಿಸಿ ನೆಲ ಬಿಟ್ಟಿತು.
ಅಡುಗೆಯ ಚೆನ್ನಬಸಮ್ಮನ ಮುಂಗೈಗೆ
ನೆಂದ ಹಗ್ಗ ಮೂರು ಸುತ್ತು,
ಕಾಲು ಆಗಲೇ ನೆಲದಿಂದ ಮೇಲೆ.
ಪಳನಿ ತಾತನ ಜೀರುಗುಣಿಕೆ ನೀರು ಕುಡಿದು ಕಲ್ಲಾಗಿತ್ತು.
ಒಂದು ಕೈಯಲ್ಲಿ ಆಕೆಯ ಸೊಂಟ ಹಿಡಿದಿದ್ದೆ.
ಉಳಿದದ್ದು ಒಂದೇ ಕೈ.

ಟಕ್.

ಹನ್ನೊಂದು ವರ್ಷದಲ್ಲಿ ಒಂದು ಸಲ.
ಆ ಒಂದು ಸಲಕ್ಕಾಗಿ ಉಳಿದ ದಿನವೆಲ್ಲ
ತೊಡೆಗೆ ತಾಗಿಸಿಕೊಂಡೇ ತಿರುಗಬೇಕೆ?
ಲೆಕ್ಕ ಹಾಕುತ್ತೇನೆ, ಕೂಡುವುದಿಲ್ಲ.

ಈಗ ಅದು ಮೊಳೆಯ ಡಬ್ಬಿಯಲ್ಲಿದೆ,
ಸೈಕಲ್ ಟ್ಯೂಬಿನ ಪಟ್ಟಿ ಎರಡು ಸುತ್ತು ಬಿಗಿದು.
ಮದುವೆ ಸೀಸನ್ನಿಗೆ ಮಾತ್ರ ಹೊರಗೆ.
ಹೆಂಡತಿ ನಗುತ್ತಾಳೆ: ಒಂದು ಕೈ ಚಾಕು,
ಬಿಚ್ಚೋದಕ್ಕೆ ಈಗ ಎರಡು ಕೈ.

ಇಲ್ಲ, ಪಟ್ಟಿಯನ್ನು ಹಲ್ಲಿನಿಂದ ಎಳೆದರೆ ಬರುತ್ತದೆ.
ಅಭ್ಯಾಸ ಮಾಡಿದ್ದೇನೆ.