ತಿಂಗಳಿನ ಬಾಬ್ತು

ಕರ್ಸ್‌ವೆಲ್ ಬಂದರಿನ ಪುರಸಭೆಯಲ್ಲಿ ನಾನು ಎರಡನೆಯ ಗುಮಾಸ್ತ.
ಮೊದಲನೆಯವನಿಗೆ ಕಾಲುಬೇನೆ. ಹಾಗಾಗಿ ಲೆಕ್ಕವೆಲ್ಲ ನನ್ನದೇ.

ಬರೆದುಕೊಳ್ಳಿ ಅಂದರು. ಬರೆದುಕೊಂಡೆ:
ಎರಕದ ಕಂಬ ಇಪ್ಪತ್ತನಾಲ್ಕು, ಗ್ಲಾಸ್ಗೋದಿಂದ, ಹಡಗಿನಲ್ಲಿ.
ಬಂದದ್ದು ಇಪ್ಪತ್ತಮೂರು. ಒಂದು ಸಮುದ್ರದ ಪಾಲು,
ಅದರ ಸಾಗಣೆಯನ್ನೂ ನಾವೇ ಕೊಟ್ಟಿದ್ದೇವೆ.
ಕಲ್ಲಿದ್ದಲು ಸಿಡ್ನಿಯ ಕಡೆಯಿಂದ:
ಒದ್ದೆಯಾದರೆ ತೂಕ ಜಾಸ್ತಿ, ಉರಿ ಕಡಿಮೆ.
ಕೊಳವೆ, ಕೀಲು, ಸೀಸ, ಬೀದಿ ಅಗೆದವರ ಕೂಲಿ,
ಅಗೆದ ಬೀದಿಯಲ್ಲಿ ಕಾಲು ಮುರಿದುಕೊಂಡ
ಒಂದು ಎತ್ತಿನ ಪರಿಹಾರ. ಇದು ‘ಇತರೆ’ಯಲ್ಲಿ.

ದೀಪವೊಂದಕ್ಕೆ ವರ್ಷಕ್ಕೆ ಹದಿಮೂರು ಪೌಂಡು ಎಂದು ಓದಿದಾಗ
ಕಸಾಯಿ ಪೆಂಗೆಲ್ಲಿ ಮೇಜು ಗುದ್ದಿದ:
‘ತಿಂಗಳಿಗೆ ಹನ್ನೆರಡು ರಾತ್ರಿ ತಿಂಗಳೇ ಇದೆಯಲ್ಲ ಸ್ವಾಮಿ,
ಪುಕ್ಕಟೆ!’
ಸಭೆ ಬೆರಗಾಯಿತು. ಯಾರಿಗೂ ಹೊಳೆದಿರಲಿಲ್ಲ,
ಅಷ್ಟು ವರ್ಷ ತಲೆಯ ಮೇಲೇ ಹೊಳೆಯುತ್ತಿದ್ದರೂ.

ಪಂಚಾಂಗ ತರಿಸಿದರು.
ಬೆಳೆಯುವ ಚಂದ್ರನ ಏಳನೆಯ ರಾತ್ರಿ ಮೊದಲ್ಗೊಂಡು
ಹುಣ್ಣಿಮೆ ಕಳೆದ ಮೂರನೆಯ ರಾತ್ರಿಯವರೆಗೆ
ದೀಪ ಹಚ್ಚತಕ್ಕದ್ದಲ್ಲ. ಕರಾರಿನ ನಾಲ್ಕನೆಯ ಕಲಮು.
ಮೋಡದ ಮಾತು ಕಲಮಿನಲ್ಲಿ ಇಲ್ಲ.
ಕಂಬಕ್ಕೆ ನಾಲ್ಕು ಪೌಂಡು ಉಳಿಯಿತು, ಒಟ್ಟು ತೊಂಬತ್ತೆರಡು.
ಆ ವರ್ಷ ನಮ್ಮೂರಲ್ಲಿ ಅಷ್ಟು ದುಡಿದುಕೊಟ್ಟ
ನೌಕರ ಇನ್ನೊಬ್ಬನಿಲ್ಲ.

ಮೊದಲ ರಾತ್ರಿ ಊರೆಲ್ಲ ಬೀದಿಗೆ ಬಂತು.
ಕೊಂಬು ಊದಿದರು. ಎರಡನೆಯ ಕಂಬದ ಕೆಳಗೆ
ನನ್ನ ಹೆಂಡತಿ ನನ್ನನ್ನೇ ನೋಡುತ್ತ ನಿಂತು,
‘ನಿಮ್ಮ ಮುಖ ಇಷ್ಟು ಹಳದಿಯೇ?’ ಅಂದಳು.

ಹೇನಿ ಶುಕ್ರವಾರ ಹಿತ್ತಿಲ ಬಾಗಿಲಿಗೆ ಮೀನು ತರುವವಳು.
ಅಳಿವೆಯ ಕೆಸರಲ್ಲಿ, ಅವಳ ಜನ ಪಂಜು ಹಿಡಿದು
ಚಪ್ಪಟೆ ಪಾತಿಕಿಗೆ ಈಟಿ ಎತ್ತುತ್ತಿದ್ದ ಕಡೆ,
ಈಗ ಗ್ಯಾಸಿನ ಕಾರ್ಖಾನೆ. ಡಾಂಬರು ನೀರಿಗಿಳಿಯುತ್ತದೆ.
‘ಮೂರು ಪೆನ್ನಿ ಇದ್ದದ್ದು ಎರಡೇ ಕೊಡಿ,’ ಅಂದಳು,
ಬೆಲೆ ಇಳಿಸಿದ ಕಾರಣ ಹೇಳಲಿಲ್ಲ.
ಮೇಜಿನ ಮೇಲಿದ್ದ ನನ್ನ ಪಂಚಾಂಗ ತಿರುವಿ ನಕ್ಕಳು:
‘ನಿಮ್ಮ ರಾತ್ರಿಗಳಿಗೆ ಬರೀ ಅಂಕಿ. ನಮ್ಮವಕ್ಕೆ ಹೆಸರಿದೆ.
ಇವು, ಏಳು, ಎಂಟು, ತಮಾತೆಯಾ.
ಹೇಳಿದ ಮಾತು ಕೇಳದ ರಾತ್ರಿಗಳು.
ನೀರಿನ ಹತ್ತಿರ ಹೋಗಬಾರದು.’
ತಲೆಯಾಡಿಸಿದೆ. ಎಲ್ಲಿ ಬರೆದುಕೊಳ್ಳಲಿ?

ಜುಲೈ, ಎಂಟನೆಯ ರಾತ್ರಿ, ದಕ್ಷಿಣದ ಗಾಳಿ,
ಕಪ್ಪು ಕಂಬಳಿ ಕವುಚಿದಂಥ ಆಕಾಶ.
ಎಲಾಯಸ್ ಬೊಡಿನಾರ್ ಮನೆಗೆ ಹೊರಟ.
ಹದಿನಾಲ್ಕು ವರ್ಷ ತಿಮಿಂಗಿಲದೆಣ್ಣೆ ಹೊತ್ತು
ಹಳೆಯ ಮೂರು ದೀಪಗಳಿಗೆ ಉಣಿಸಿದವನು,
ಗ್ಯಾಸು ಬಂದ ದಿನ ಕೆಲಸ ಕಳೆದುಕೊಂಡವನು.
ಹಡಗುಕಟ್ಟೆಯ ಹಲಗೆ ಹಲಗೆಯೂ ಅವನ ಪಾದಕ್ಕೆ ಬಾಯಿಪಾಠ.
ಕಂಬ ಮಾತ್ರ ಹೊಸದು.
ಏಳನೆಯ ನಂಬರಿನದು. ಹಚ್ಚದ್ದು.
ಬೆಳಿಗ್ಗೆ ಅದರ ಹಸಿರು ಬಣ್ಣದ ಮೇಲೆ
ಹಣೆ ತಾಗಿದ ಗುರುತಿತ್ತು. ಅವನು
ನೀರಲ್ಲಿ, ಕಟ್ಟೆಯ ಕಾಲುಗಳ ನಡುವೆ.

ವಿಚಾರಣೆ ನಡೆಯಿತು. ನಾನೇ ಬರೆದೆ:
‘ಪಂಚಾಂಗದ ಪ್ರಕಾರ ಆ ರಾತ್ರಿ ಚಂದ್ರ ಹಾಜರು.’
ಪೆಟ್ಟಿಗೆಗೆ ಮೂವತ್ತೈದು ಶಿಲ್ಲಿಂಗು. ಯಾವ ಬಾಬ್ತಿಗೆ?
‘ಇತರೆ,’ ಅಂದ ಪೆಂಗೆಲ್ಲಿ, ಕೈಬೆರಳು ನೋಡಿಕೊಳ್ಳುತ್ತ.
ಇತರೆಯಲ್ಲಿ ಎತ್ತು ಮಲಗಿತ್ತು.
ಅದರ ಪಕ್ಕ ಎಲಾಯಸನನ್ನು ಮಲಗಿಸಲು ಮನಸ್ಸಾಗದೆ
ನೌಕರರ ಪುಟದ ಕೊನೆಗೆ ಒಂದು ಗೆರೆ ಎಳೆದೆ:

ಹೆಸರು, ತಿಂಗಳು. ಸಂಬಳ, ಇಲ್ಲ.
ಗೈರುಹಾಜರಿ, ಒಂದು ರಾತ್ರಿ.
ಅದರಿಂದಾದ ಖರ್ಚು, ಮೂವತ್ತೈದು ಶಿಲ್ಲಿಂಗು.

ವರ್ಷಾಂತ್ಯಕ್ಕೆ ಲೆಕ್ಕ ತನಿಖೆಯವನು ಬಂದ.
ಮೇಲಿಂದ ಕೆಳಗೆ ಬೆರಳಾಡಿಸಿದ. ಕೂಡಿಸಿದ.
ಪೆನ್ನಿಗೆ ಪೆನ್ನಿ ಸರಿಯಿದೆ ಎಂದು ಸಹಿ ಹಾಕಿದ.
ರಾತ್ರಿ ನಮ್ಮಲ್ಲೇ ಊಟ. ಹೇನಿಯ ಮೀನು.
ಒಂದು ತುತ್ತು ಅಗಿದವನು ನಿಲ್ಲಿಸಿ,
ಗೋಡೆ ನೋಡಿದ, ಬಾಗಿಲು ನೋಡಿದ,
‘ಎಲ್ಲೋ ಗ್ಯಾಸು ಸೋರುತ್ತಿದೆ ಕಣ್ರೀ,’ ಅಂದು
ಕಿಟಕಿ ತೆರೆಯಲು ಎದ್ದ.